ಮನೆಯಲ್ಲೂ ಇಂಗ್ಲಿಷೇ ಮಾತನಾಡಬೇಕಂತೆ, ಹೌದೇ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಇಂಗ್ಲಿಷ್ ಶಿಕ್ಷಕಿಯ ಉತ್ತರ

ಮಕ್ಕಳು ಇಂಗ್ಲಿಷ್ ಕಲಿಯುವ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಸಂಪಾದಕರು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದೇ ತಡ, ಪತ್ರಗಳ ಕಟ್ಟು ಮನೆಗೆ ಬಂತು. ಅದರಲ್ಲಿ ಬಹಳಷ್ಟು ಜನ ಕೇಳಿರುವುದು ಒಂದೇ: ಒಳ್ಳೆಯ ಗ್ರಾಮರ್ ಪುಸ್ತಕ ಯಾವುದು? ಎಲ್ಲರಿಗೂ ಸೇರಿಸಿ ಉತ್ತರ ಹೇಳಿಬಿಡುತ್ತೇನೆ. ಈಗಾಗಲೇ ನಿಮ್ಮ ಮನೆಯ ಅಲಮಾರಿನಲ್ಲಿ ದೂಳು ಹಿಡಿದು ಕೂತಿರುವುದೇ ಸಾಕು. ಉಳಿದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ. ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಪೋಷಕರ ಸಭೆಯಲ್ಲಿ ಮಿಸ್, ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷಿನಲ್ಲೇ ಮಾತನಾಡಿಸಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ’ ಎಂದರು. ನಾನು ಪಿಯುಸಿವರೆಗೆ ಓದಿದವಳು, ನಮ್ಮ ಯಜಮಾನರು ಐಟಿಐ. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಈಗ ಅತ್ತೆ ಮಗುವನ್ನು ಮಾತನಾಡಿಸಿದರೂ ನನಗೆ ಭಯವಾಗುತ್ತದೆ. ಏನು ಮಾಡಲಿ, ಮೇಡಂ?
— ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಅತ್ತೆಯವರ ಬಾಯಿಗೆ ಹಾಕಿರುವ ಬೀಗ ತೆಗೆಯಿರಿ ತಾಯಿ, ಆಮೇಲೆ ಮುಂದಿನ ಮಾತು.

ಇಂಗ್ಲಿಷ್ ಅಷ್ಟಾಗಿ ಬಾರದ ಮನೆಗಳಲ್ಲಿ ‘ಇಂಗ್ಲಿಷಿನಲ್ಲೇ ಮಾತು’ ಎಂದು ನಿಯಮ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ‘ಕಮ್’, ‘ಸಿಟ್’, ‘ಈಟ್’, ‘ವಾಶ್ ಹ್ಯಾಂಡ್ಸ್’, ‘ನೋ’, ‘ಡೋಂಟ್ ಟಚ್’. ದಿನವೆಲ್ಲ ಇಷ್ಟೇ. ಅದೇ ಬೀದಿಯಲ್ಲಿ ಸಾಕುನಾಯಿಗಳೊಂದಿಗೂ ಜನ ಇದೇ ಇಂಗ್ಲಿಷ್ ಆಡುತ್ತಾರೆ. ಮಗುವಿಗೆ ಅಪ್ಪಣೆಗಳು ಸಿಗುತ್ತವೆ, ಮಾತು ಸಿಗುವುದಿಲ್ಲ.

ನಿಮ್ಮದು ತಿಪಟೂರು. ಅಟ್ಟದ ಮೇಲೆ ಕೊಬ್ಬರಿ ಹಾಕಿರುವ ಮನೆಗಳಿಗೆ ನಿಮ್ಮಲ್ಲಿ ಬರವಿಲ್ಲ. ನಿಮ್ಮ ಮಗ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಅಜ್ಜಿ, ಇದು ಯಾಕೆ ಗಡಗಡ ಅನ್ನುತ್ತದೆ?’ ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಅಜ್ಜಿ ಏನು ಹೇಳುತ್ತಾರೆ? ತಿಂಗಳುಗಟ್ಟಲೆ ಅಟ್ಟದ ಮೇಲಿದ್ದರೆ ಒಳಗಿನ ನೀರು ಇಂಗುತ್ತದೆ, ನೀರು ಇಂಗಿದ ಮೇಲೆ ಕಾಯಿ ಒಣಗಿ ಚಿಪ್ಪು ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡದ್ದು ಒಳಗೆ ಉರುಳಾಡುತ್ತದೆ, ಅದಕ್ಕೇ ಸದ್ದು. ಇದರಲ್ಲಿ ಕಾರಣವಿದೆ, ಪರಿಣಾಮವಿದೆ, ‘ಮೊದಲು’, ‘ಆಮೇಲೆ’, ‘ಅದಕ್ಕೇ’ ಇವೆ. ಮುಂದೆ ಶಾಲೆಯಲ್ಲಿ ಆವಿಯಾಗುವಿಕೆಯ ಪಾಠ ಇಂಗ್ಲಿಷಿನಲ್ಲಿ ಬಂದಾಗ ಈ ಹುಡುಗನಿಗೆ ಕಲಿಯಲು ಉಳಿಯುವುದು ಒಂದು ಹೊಸ ಪದ ಮಾತ್ರ, ವಿಷಯ ಆಗಲೇ ತಲೆಯಲ್ಲಿರುತ್ತದೆ. ಅಜ್ಜಿಯ ಬಾಯಿ ಮುಚ್ಚಿಸಿದ ಮನೆಯ ಹುಡುಗ ಪದವನ್ನೂ ವಿಷಯವನ್ನೂ ಒಟ್ಟಿಗೆ ಹೊರಬೇಕು. ಕಡೆಗೆ ಎರಡನ್ನೂ ಬಾಯಿಪಾಠ ಮಾಡುತ್ತಾನೆ.

ಇನ್ನು ‘ಕಿವಿ ಎಳೆಯದಾಗಿರುವಾಗಲೇ ಇಂಗ್ಲಿಷ್ ಬೀಳಬೇಕು’ ಎನ್ನುವ ವಾದ. ಅದರಲ್ಲಿ ಸ್ವಲ್ಪ ನಿಜವಿದೆ. ಕೆನಡಾದ ಜಾನೆಟ್ ವರ್ಕರ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಇಂಗ್ಲಿಷ್ ಮಾತನಾಡುವ ಮನೆಗಳ ಆರೆಂಟು ತಿಂಗಳ ಕೂಸುಗಳಿಗೆ ಹಿಂದಿಯ ‘ಟ’ ಮತ್ತು ‘ತ’ ನಡುವಿನ ವ್ಯತ್ಯಾಸ ಕೇಳಿಸುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಹಾಗಾದರೆ ಮೊಬೈಲಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿ ತೊಟ್ಟಿಲ ಪಕ್ಕ ಇಟ್ಟರೆ ಆಯಿತಲ್ಲ ಎನ್ನುವವರಿಗೆ ಇನ್ನೊಂದು ಅಧ್ಯಯನವಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿತು. ಎದುರಿಗೆ ಕುಳಿತು ಆಟವಾಡಿಸುತ್ತ ಮಾತನಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಹಿಡಿದವು. ಅದೇ ಜನರನ್ನು ಪರದೆಯ ಮೇಲೆ ತೋರಿಸಿದಾಗ ಏನೂ ಹಿಡಿಯಲಿಲ್ಲ. ಇದು ಪ್ರಕಟವಾದದ್ದು 2003ರಲ್ಲಿ. ಹಾಗಾಗಿ ಕೂಸಿಗೆ ಬೇಕಾದದ್ದು ತನ್ನ ಮುಖ ನೋಡಿ ಮಾತನಾಡುವ ಮನುಷ್ಯರು. ನಿಮ್ಮ ಮನೆಯಲ್ಲಿ ಅಂಥವರು ಇದ್ದಾರೆ, ಮತ್ತು ಅವರು ಕನ್ನಡ ಮಾತನಾಡುತ್ತಾರೆ.

ಇಂಗ್ಲಿಷ್ ಸುತ್ತಮುತ್ತ ತುಂಬಿರುವ ಕೆನಡಾದಲ್ಲೇ, ವಲಸೆ ಬಂದ ಮಕ್ಕಳಿಗೆ ಆಟದ ಮೈದಾನದ ಇಂಗ್ಲಿಷ್ ಬರಲು ಸುಮಾರು 2 ವರ್ಷ, ಪಾಠದ ಪುಸ್ತಕದ ಇಂಗ್ಲಿಷ್ ಹಿಡಿತಕ್ಕೆ ಸಿಗಲು 5ರಿಂದ 7 ವರ್ಷ ಹಿಡಿಯುತ್ತದೆ ಎಂದು ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನಿಮ್ಮ ಮಿಸ್‌ಗೆ ಎರಡನೇ ಯೂನಿಟ್ ಟೆಸ್ಟ್ ಹೊತ್ತಿಗೇ ಬೇಕಾಗಿದೆ! ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಅಧ್ಯಾಪಕರಾಗಿದ್ದರು, ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಪಿಎಚ್.ಡಿ ಮಾಡಿ ಬಂದರು. ಇಬ್ಬರೂ ಬೆಳೆದದ್ದು ಎಂಥ ಮನೆಗಳಲ್ಲಿ ಎಂಬುದನ್ನು ಮುಂದಿನ ಸಭೆಯಲ್ಲಿ ಅವರಿಗೆ ನೆನಪಿಸಿ, ನಗುನಗುತ್ತಲೇ.

ನೀವು ಮಾಡಬಹುದಾದದ್ದು ಇಷ್ಟು. ಚಿತ್ರ ತುಂಬಿರುವ ಇಂಗ್ಲಿಷ್ ಪುಸ್ತಕ ತಂದು, ಕಥೆಯನ್ನು ಕನ್ನಡದಲ್ಲಿ ಹೇಳಿ, ಕೊನೆಗೆ ಪುಟದಲ್ಲಿರುವ ಸಾಲನ್ನು ಓದಿ ತೋರಿಸಿ. ನಿಮ್ಮ ಪಿಯುಸಿ ಇಂಗ್ಲಿಷ್ ಅದಕ್ಕೆ ಧಾರಾಳವಾಯಿತು.

ಪ್ರಶ್ನೆ: ‘30 ದಿನಗಳಲ್ಲಿ ನಿರರ್ಗಳ ಇಂಗ್ಲಿಷ್’ ಎಂಬ ಜಾಹೀರಾತು ನೋಡಿದೆ. ಸೇರಬಹುದೇ?
— ಓದುಗ, ದಾವಣಗೆರೆ

ಉತ್ತರ: ಸೇರಬಹುದು. ಹಣ ಮಾತ್ರ ಮೂವತ್ತೊಂದನೆಯ ದಿನ ಕೊಡುತ್ತೇನೆ ಎಂದು ಹೇಳಿ ನೋಡಿ.

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿಗೆ ನೂರಕ್ಕೆ ಎಂಬತ್ತರ ಮೇಲೆ ಅಂಕ ಬಂದಿತ್ತು. ಈಗ ಬಿ.ಕಾಂ ಎರಡನೇ ವರ್ಷ. ಓದಿದರೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಒಂದು ವಾಕ್ಯ ಬರುವುದಿಲ್ಲ. ಸಂಜೆ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕ್ಲಾಸಿಗೆ ಹೋಗಲು ಹಣವೂ ಇಲ್ಲ, ಸಮಯವೂ ಇಲ್ಲ. ಆ ಅಂಕಗಳೆಲ್ಲ ಸುಳ್ಳೇ, ಮೇಡಂ?
— ವಿದ್ಯಾರ್ಥಿ, ಸಿಂದಗಿ

ಉತ್ತರ: ಸುಳ್ಳಲ್ಲಪ್ಪ. ಅವು ಬೇರೆ ಕೆಲಸಕ್ಕೆ ಸಿಕ್ಕ ಅಂಕಗಳು. ನಮ್ಮ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆ, ರಜೆ ಚೀಟಿ ಬರೆ, ಪಾಠದ ಸಾರಾಂಶ ಬರೆ. ರಜೆ ಚೀಟಿಯಲ್ಲಿ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಬರೆಯದ ಮಗು ಕರ್ನಾಟಕದಲ್ಲಿ ಹುಟ್ಟಿಲ್ಲ. ಹೊಟ್ಟೆನೋವು ಬಂದವನಿಗೂ ಜ್ವರವೇ, ಅಕ್ಕನ ಮದುವೆಗೆ ಹೋದವನಿಗೂ ಜ್ವರವೇ. ತನಗೆ ನಿಜವಾಗಿ ಏನಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಬೇಕಾದ ಪ್ರಸಂಗವೇ ಹತ್ತು ವರ್ಷದಲ್ಲಿ ಬರುವುದಿಲ್ಲ. ಹೇಳದ ಮಾತು ಬಾಯಿಗೆ ಎಲ್ಲಿಂದ ಬರಬೇಕು?

ನಾನು ಇಂಗ್ಲಿಷ್ ಕಲಿತ ಬಗೆಯನ್ನು ಹೇಳುತ್ತೇನೆ. ನಮ್ಮ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಆಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಿಂದ, ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ. ಎರಡು ವರ್ಷ ಅಕ್ಷರ ದುಂಡಗೆ ಮಾಡಿದ್ದೇ ಬಂತು. 1969ರ ನವೆಂಬರಿನಲ್ಲಿ ನಮ್ಮೂರಿನ ಹುಡುಗ ಜಿ.ಆರ್. ವಿಶ್ವನಾಥ್ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಇಡೀ ಕಾಲೊನಿ ರೇಡಿಯೊ ಇದ್ದ ಮನೆಗಳ ಜಗಲಿಯಲ್ಲಿ ಕೂತಿತ್ತು. ಆಕಾಶವಾಣಿಯ ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿ ಬರುತ್ತಿತ್ತು, ಸರದಿಯ ಮೇಲೆ ಹಿಂದಿಯಲ್ಲೂ. ನಮಗೆ ಎರಡೂ ಬಾರದು. ಆದರೆ ನಮ್ಮ ಹುಡುಗ ಇದ್ದಾನೋ ಔಟಾದನೋ ಎಂಬುದು ತಿಳಿಯಲೇಬೇಕಿತ್ತು.

ತಿಳಿಯಲೇಬೇಕು ಎಂದಾಗ ಕಿವಿ ಹೇಗೆ ಚುರುಕಾಗುತ್ತದೆ ನೋಡು. ನಮ್ಮಣ್ಣ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು, ಹುಣಸೆ ಬೀಜಗಳನ್ನು ಫೀಲ್ಡರುಗಳ ಹಾಗೆ ಇಟ್ಟಿದ್ದ. ‘ಥ್ರೂ ದ ಕವರ್ಸ್’ ಎಂದು ಕೇಳಿದರೆ ಬೆರಳು ಎರಡು ಬೀಜಗಳ ನಡುವೆ ಹಾಯಬೇಕು. ‘ಪಾಸ್ಟ್ ಮಿಡ್-ಆಫ್’ ಎಂದರೆ ಬೀಜದ ಪಕ್ಕದಿಂದ ಸರಿಯಬೇಕು. ‘ಓವರ್ ದ ಸ್ಲಿಪ್ಸ್’ ಎಂದರೆ ಬೆರಳು ಮೇಲೆ ಎತ್ತಬೇಕು. ‘ಔಟ್‌ಸೈಡ್ ದ ಆಫ್ ಸ್ಟಂಪ್’, ‘ಬಿಹೈಂಡ್ ದ ವಿಕೆಟ್’, ‘ಟು ದ ಬೌಂಡರಿ’. ಮುಂದೆ ಹೈಸ್ಕೂಲಿನಲ್ಲಿ ಪ್ರಿಪೊಸಿಷನ್ ಪಾಠ ಬಂದಾಗ ತರಗತಿಯಲ್ಲಿ ಎಲ್ಲರೂ ಪಟ್ಟಿ ಉರು ಹೊಡೆದರು. ನನ್ನ ಕಣ್ಣ ಮುಂದೆ ಹುಣಸೆ ಬೀಜಗಳಿದ್ದವು. ಮರುದಿನ ಪ್ರಜಾವಾಣಿಯ ಕ್ರೀಡಾಪುಟದಲ್ಲಿ ಅದೇ ಆಟದ ವರದಿಯನ್ನು ಕನ್ನಡದಲ್ಲಿ ಓದಿ, ನಾವು ಕೇಳಿದ್ದು ಸರಿಯೇ ಎಂದು ತಾಳೆ ನೋಡುತ್ತಿದ್ದೆವು. ಆನಂದ್ ಸೆಟಲ್ವಾಡ್, ಸುರೇಶ್ ಸರಯ್ಯಾ ಮುಂತಾದವರ ದನಿಯಲ್ಲಿ ಆಮೇಲಿನ ವರ್ಷಗಳಲ್ಲಿ ಕೇಳಿದ ವಿವರಣೆ ನನ್ನ ಪಾಲಿಗೆ ಕಾಲೇಜು.

ಇದನ್ನು ಶಾಸ್ತ್ರೀಯವಾಗಿ ಮಾಡಿ ತೋರಿಸಿದವರೂ ನಮ್ಮಲ್ಲೇ ಇದ್ದರು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬುವವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತಿನಾದ್ಯಂತ ಇಂಗ್ಲಿಷ್ ಕಲಿಸುವವರು ಅದನ್ನು ಇಂದಿಗೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎನ್ನುತ್ತಾರೆ. ಬೆಂಗಳೂರಿನ ಪೋಷಕರಿಗೇ ಅದರ ಹೆಸರು ಗೊತ್ತಿಲ್ಲ, ಇರಲಿ. ಅಲ್ಲಿ ವ್ಯಾಕರಣದ ಪಾಠವಿಲ್ಲ, ವಾಕ್ಯಗಳನ್ನು ಒಟ್ಟಾಗಿ ಕೂಗಿಸುವುದಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಇಟ್ಟು, ಇಂಗ್ಲಿಷಿನಲ್ಲೇ ಒಂದು ಸಮಸ್ಯೆ ಕೊಡುವುದು. ಸಮಸ್ಯೆ ಬಿಡಿಸುವ ಭರದಲ್ಲಿ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ.

ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹೋದಾಗ ನಾನಿದನ್ನು ಕೇಳಿ ಬಂದು, ಬೀರೂರಿನ ಬಳಿಯ ನಮ್ಮ ಶಾಲೆಯಲ್ಲಿ ಮಾಡಿ ನೋಡಿದೆ. ಜಂಕ್ಷನ್ ಊರಿನ ಮಕ್ಕಳು, ರೈಲು ಅವರಿಗೆ ಮನೆಯ ಸಂಗತಿ. ಅರಸೀಕೆರೆಯಲ್ಲಿ ಮೈಸೂರಿನ ರೈಲು ಹಿಡಿಯಬೇಕು, ಬೀರೂರಿನಿಂದ ಯಾವ ರೈಲಿಗೆ ಹೊರಡುತ್ತೀರಿ? ವರ್ಷಪೂರ್ತಿ ಕೊನೆಯ ಬೆಂಚಿನಲ್ಲಿ ತುಟಿ ಬಿಚ್ಚದ ಹುಡುಗನೊಬ್ಬ, ಮುಂದಿನ ಬೆಂಚಿನ ಜಾಣೆ ಕೊಟ್ಟ ಉತ್ತರ ಕೇಳಿ ತಡೆಯಲಾರದೆ ಎದ್ದು ನಿಂತ: ‘ನೋ ಮೇಡಂ! ದಿಸ್ ಟ್ರೈನ್ ಗೋ, ಮೈಸೂರ್ ಟ್ರೈನ್ ಗಾನ್!’ ಈ ರೈಲು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೈಸೂರಿನದು ಹೊರಟಿರುತ್ತದೆ ಎಂದು ಅರ್ಥ. ವ್ಯಾಕರಣ ಮುರಿದು ಬಿದ್ದಿತ್ತು, ಲೆಕ್ಕ ಪಕ್ಕಾ ಇತ್ತು. ನಾನು ಅವನನ್ನು ತಿದ್ದಲಿಲ್ಲ. ‘ಯೆಸ್, ಇಟ್ ವಿಲ್ ಹ್ಯಾವ್ ಗಾನ್’ ಎಂದು ಹೇಳಿ ಮುಂದಕ್ಕೆ ಹೋದೆ.

ಈಗ ನಿನ್ನ ಅಂಗಡಿಗೆ ಬರೋಣ. ಡಿಸ್‌ಪ್ಲೇ, ಚಾರ್ಜಿಂಗ್ ಪಿನ್, ಫ್ಲಕ್ಸ್, ಹಾಟ್ ಏರ್: ನಿನ್ನ ಕಸುಬಿನ ಅರ್ಧ ಪದಗಳು ಆಗಲೇ ಇಂಗ್ಲಿಷ್. ರಿಪೇರಿಯ ವಿಡಿಯೊಗಳನ್ನು ಹೇಗೂ ನೋಡುತ್ತಿರುತ್ತೀಯ. ಇನ್ನು ಮೇಲೆ ಇಂಗ್ಲಿಷಿನಲ್ಲಿರುವುದನ್ನೇ ನೋಡು. ಆತ ಬಿಸಿಗಾಳಿ ಹಿಡಿದು ‘ಹೀಟ್ ಇಟ್ ಅಗೇನ್, ಬಟ್ ನಾಟ್ ಟೂ ಮಚ್’ ಎಂದಾಗ ನಿಘಂಟು ಬೇಕಾಗುವುದಿಲ್ಲ. ಹೆಚ್ಚು ಕಾಯಿಸಿದರೆ ಏನಾಗುತ್ತದೆ ಎಂಬುದು ನಿನ್ನ ಕೈಗೆ ಗೊತ್ತು. ಒಂದು ಫೋನ್ ಸರಿಮಾಡಿದ ಮೇಲೆ, ಅದಕ್ಕೆ ಏನಾಗಿತ್ತು, ನೀನು ಏನು ತೆಗೆದೆ, ಏನು ಹಾಕಿದೆ ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊ. ಅದೇ ಫೋನಿನಲ್ಲಿ ರೆಕಾರ್ಡ್ ಮಾಡಬೇಡ, ಗ್ರಾಹಕರ ಫೋನು! ನಿನ್ನದರಲ್ಲಿ ಮಾಡಿಟ್ಟು ಒಂದು ತಿಂಗಳ ಮೇಲೆ ಕೇಳು. ಜೊತೆಯ ಹುಡುಗರು ನಗುತ್ತಾರೆ. ನಕ್ಕವರಲ್ಲಿ ಒಬ್ಬ ಮರುವಾರ ನಿನ್ನೊಂದಿಗೆ ಸೇರಿಕೊಳ್ಳುತ್ತಾನೆ. ನೀನು ಓದಬಲ್ಲೆ ಎಂದಿದ್ದೀಯ, ಅದು ಸಣ್ಣ ಆಸ್ತಿಯಲ್ಲ. ಅತಿ ಹೆಚ್ಚು ಬಳಕೆಯ ಎರಡು ಸಾವಿರ ಪದಗಳು ಗೊತ್ತಿದ್ದರೆ ಸಾಧಾರಣ ಬರಹದ ಸುಮಾರು ಶೇ 80ರಷ್ಟು ಪದಗಳು ಪರಿಚಿತವಾಗಿರುತ್ತವೆ. ಆ ಎರಡು ಸಾವಿರ ನಿನ್ನ ಬಳಿ ಇರಲೇಬೇಕು, ಇಲ್ಲದೆ ಆ ಅಂಕ ಬರುತ್ತಿರಲಿಲ್ಲ.

ಪ್ರಶ್ನೆ: ಹನ್ನೆರಡು ವರ್ಷ ದಾಟಿದರೆ ಹೊಸ ಭಾಷೆ ಕಲಿಯುವ ಬಾಗಿಲು ಮುಚ್ಚುತ್ತದೆ ಎಂದು ಎಲ್ಲೋ ಓದಿದೆ. ನನ್ನ ಮೊಮ್ಮಗಳು ಏಳನೇ ತರಗತಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ತಡವಾಯಿತೇ?
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ಆ ಮಾತು 1967ರಲ್ಲಿ ಎರಿಕ್ ಲೆನ್ನೆಬರ್ಗ್ ಎಂಬುವವರು ಬರೆದ ಪುಸ್ತಕದಿಂದ ಹರಡಿದ್ದು. ಅವರ ಮುಖ್ಯ ಚಿಂತನೆ ಇದ್ದದ್ದು ಮೊದಲ ಭಾಷೆಯ ಬಗ್ಗೆ. ಎರಡನೇ ಭಾಷೆಯ ವಿಷಯದಲ್ಲಿ, ನೆದರ್‌ಲ್ಯಾಂಡ್ಸ್‌ಗೆ ಹೋಗಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಕುಟುಂಬಗಳನ್ನು ಗಮನಿಸಿ 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗಿಂತ ಬೇಗ ಕಲಿತವರು 12ರಿಂದ 15ರ ವಯಸ್ಸಿನವರು. ಚಿಕ್ಕ ಮಕ್ಕಳು ನಿಧಾನವಾಗಿ ಆರಂಭಿಸಿ ಆಮೇಲೆ ಅವರನ್ನು ಹಿಡಿಯುತ್ತಾರೆ. ಉಚ್ಚಾರಣೆಯಲ್ಲಿ ಮಾತ್ರ ಎಳೆಯರ ಕೈ ಮೇಲು. ಜೋಸೆಫ್ ಕಾನ್ರಾಡ್ ಪೋಲೆಂಡಿನವರು, ಇಪ್ಪತ್ತು ದಾಟಿದ ಮೇಲೆ ಹಡಗುಗಳಲ್ಲಿ ದುಡಿಯುತ್ತ ಇಂಗ್ಲಿಷ್ ಕಲಿತು ಆ ಭಾಷೆಯ ದೊಡ್ಡ ಕಾದಂಬರಿಕಾರರಾದರು. ಮಾತಿನಲ್ಲಿ ಪೋಲಿಷ್ ಎಳೆತ ಕಡೆಯವರೆಗೂ ಹೋಗಲಿಲ್ಲ. ನಿಮ್ಮ ಮೊಮ್ಮಗಳಿಗೆ ಏನು ಇಷ್ಟ ಎಂದು ನೀವು ಬರೆಯಲೇ ಇಲ್ಲ. ಅದನ್ನು ಮೊದಲು ತಿಳಿದುಕೊಳ್ಳಿ, ಆ ವಿಷಯದ ಇಂಗ್ಲಿಷ್ ಪುಸ್ತಕವನ್ನೋ ವಿಡಿಯೊವನ್ನೋ ಹುಡುಕಿಕೊಡಿ.

ಪ್ರಶ್ನೆ: ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಶಾಲೆಗೆ ಬರುವವರು ಹೆಚ್ಚಾಗಿ ತಾಂಡಾದ ಮಕ್ಕಳು. ಮನೆಯಲ್ಲಿ ಲಂಬಾಣಿ, ನಮ್ಮಲ್ಲಿ ಕನ್ನಡ, ಅದರ ಮೇಲೆ ಒಂದನೇ ತರಗತಿಯಿಂದಲೇ ಇಂಗ್ಲಿಷ್. ನನ್ನ ಇಂಗ್ಲಿಷೂ ಹೇಳಿಕೊಳ್ಳುವಂತಿಲ್ಲ. ಸಣ್ಣ ಮಕ್ಕಳ ತಲೆಗೆ ಇದು ಹೊರೆಯಲ್ಲವೇ ಅಕ್ಕ?
— ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕ ಎಂದಿರಿ, ಸಂತೋಷ. ನೇರವಾಗಿ ಹೇಳುತ್ತೇನೆ. ನಿಮ್ಮ ಮಕ್ಕಳು ಆಗಲೇ ಒಂದು ಪರಭಾಷೆಯನ್ನು ಕಲಿತು ಕೂತಿದ್ದಾರೆ, ಅದರ ಹೆಸರು ಕನ್ನಡ. ತುಳುವಿನ ಮನೆಯಿಂದ, ಬ್ಯಾರಿ ಮನೆಯಿಂದ, ಕೊಡವ, ಕೊಂಕಣಿ, ಉರ್ದು, ತೆಲುಗು ಮನೆಗಳಿಂದ ಬರುವ ಮಕ್ಕಳೂ ಹಾಗೆಯೇ. ಅವರಿಗೆ ಬೇಕಾದದ್ದು ಅದೇ ಕೆಲಸವನ್ನು ಇನ್ನೊಮ್ಮೆ ಮಾಡುವ ಅವಕಾಶ. 2007ರಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಎಂದಾಗ ಬಹಳ ಗದ್ದಲವಾಯಿತು. ಗದ್ದಲ ಮಾಡಿದ ಕೆಲವರ ಮಕ್ಕಳು ಕಾನ್ವೆಂಟಿನ ಬಸ್ಸಿಗೆ ಕಾಯುತ್ತಿದ್ದುದನ್ನೂ ನಾವು ನೋಡಿದ್ದೇವೆ. ಬಡವರ ಮಕ್ಕಳಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬೇಗ ಸಿಗಲಿ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ವಿಜ್ಞಾನ, ಗಣಿತಗಳನ್ನೂ ಮಗುವಿಗೆ ತಿಳಿಯದ ಭಾಷೆಯಲ್ಲೇ ಹೇಳಿಕೊಡುವುದು ಬೇರೆ ಮಾತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಈ ಎರಡನ್ನು ಒಂದೇ ಎಂದುಕೊಂಡ ಪೋಷಕರು ಬಹಳ ಮಂದಿ.

ನಿಮ್ಮ ಇಂಗ್ಲಿಷ್ ಸಾಲದು ಎನ್ನುವ ಸಂಕೋಚ ಬಿಡಿ. ನಿಮಗೆ ಕಾಗಕ್ಕ ಗುಬ್ಬಕ್ಕನ ಕಥೆ ಬರುತ್ತದಲ್ಲ? ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗಿ ಗುಬ್ಬಕ್ಕನ ಬಾಗಿಲು ತಟ್ಟುವ ಕಥೆ. ಮೊದಲು ಮಕ್ಕಳಿಂದ ಲಂಬಾಣಿಯಲ್ಲಿ ಹೇಳಿಸಿ, ನೀವು ಕನ್ನಡದಲ್ಲಿ ಹೇಳಿ. ಮರುದಿನ ಒಬ್ಬಳನ್ನು ಕಾಗಕ್ಕ ಮಾಡಿ ಬಾಗಿಲ ಹೊರಗೆ ನಿಲ್ಲಿಸಿ. ಆಕೆ ತಟ್ಟಿ ‘ಓಪನ್ ದ ಡೋರ್!’ ಎನ್ನಬೇಕು. ಒಳಗಿನ ಗುಬ್ಬಕ್ಕ ‘ವೇಯ್ಟ್! ಐ ಆಮ್ ಬೇದಿಂಗ್ ಮೈ ಬೇಬಿ’ ಎನ್ನಬೇಕು. ಮತ್ತೆ ತಟ್ಟು, ‘ವೇಯ್ಟ್! ಐ ಆಮ್ ಫೀಡಿಂಗ್ ಮೈ ಬೇಬಿ’. ಮತ್ತೆ ತಟ್ಟು. ತಲೆ ಬಾಚು, ಬಟ್ಟೆ ಹಾಕು, ತೊಟ್ಟಿಲು ತೂಗು: ಕಥೆ ಎಷ್ಟು ಬೇಕಾದರೂ ಎಳೆಯುತ್ತದೆ, ಹೊರಗಿನ ಕಾಗಕ್ಕ ನೆನೆಯುತ್ತ ಚೀರುತ್ತಾಳೆ, ಉಳಿದವರು ಬಿದ್ದು ಬಿದ್ದು ನಗುತ್ತಾರೆ. ಹೈಸ್ಕೂಲಿಗೆ ಬಂದ ಮಕ್ಕಳಿಗೆ ನಾನು ಕಪ್ಪುಹಲಗೆಯ ಮೇಲೆ ಬಿಡಿಸಿ ಹೇಳಿದರೂ ತಿಳಿಯದ ಕ್ರಿಯಾರೂಪ ಇವರ ಬಾಯಲ್ಲಿ ಆಡುತ್ತಿರುತ್ತದೆ. ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದೂ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ, ನಿಮ್ಮಂಥ ಶಿಕ್ಷಕರ ನಡುವೆಯೇ. ಪಠ್ಯಪುಸ್ತಕದ ಪುಟ ಮುಗಿಸುವ ಚಿಂತೆ ಶಾಲೆ ನೋಡಲು ಬರುವ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಇರಲಿ.

ಒಂದು ಮಾತು. ಕೆಲವು ಮಕ್ಕಳು ತಿಂಗಳುಗಟ್ಟಲೆ ಬರೀ ನೋಡುತ್ತಾರೆ, ಒಂದಕ್ಷರ ಆಡುವುದಿಲ್ಲ. ಅವರನ್ನು ಎಬ್ಬಿಸಿ ನಿಲ್ಲಿಸಿ ‘ಹೇಳು, ಹೇಳು’ ಎನ್ನಬೇಡಿ.

ಪ್ರಶ್ನೆ: ಮದ್ದೂರು ಕಡೆಯವಳು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾನು ‘ಎಗ್’ ಎಂದರೆ ‘ಯೆಗ್’ ಎಂದೂ ‘ಓನ್ಲಿ’ ಎಂದರೆ ‘ವೋನ್ಲಿ’ ಎಂದೂ ಅಣಕಿಸಿ ಹಾಸ್ಟೆಲಿನ ಹುಡುಗಿಯರು ನಗುತ್ತಾರೆ. ಹೇಗೆ ಸರಿಪಡಿಸಿಕೊಳ್ಳಲಿ?
— ವಿದ್ಯಾರ್ಥಿನಿ

ಉತ್ತರ: ನೀನು ‘ಎಲ್ಲಿ’ ಎನ್ನುವಾಗ ‘ಯೆಲ್ಲಿ’ ಎನ್ನುತ್ತೀಯ, ‘ಒಂದು’ ಎನ್ನುವಾಗ ‘ವೊಂದು’ ಎನ್ನುತ್ತೀಯ. ಕನ್ನಡದಲ್ಲಿ ಪದದ ಮೊದಲಿನ ಎ, ಒ ಸ್ವರಗಳಿಗೆ ಆ ಸಣ್ಣ ಯಕಾರ, ವಕಾರ ಅಂಟಿಕೊಳ್ಳುವುದು ರೂಢಿ. ಅದನ್ನೇ ಇಂಗ್ಲಿಷಿಗೂ ಒಯ್ದಿದ್ದೀಯ. ನಕ್ಕವರಲ್ಲಿ ಉತ್ತರದ ಹುಡುಗಿ ‘ಇಸ್ಕೂಲ್’ ಎನ್ನುತ್ತಾಳೆ, ಬಂಗಾಳದವಳು ‘ಭೆರಿ ಗುಡ್’ ಎನ್ನುತ್ತಾಳೆ, ಕಿವಿಗೊಟ್ಟು ಕೇಳು. ಲಂಡನ್ನಿನವನು ಮದ್ದೂರು ಎನ್ನುವುದನ್ನು ಒಮ್ಮೆ ಕೇಳಬೇಕು!

ತಿದ್ದಿಕೊಳ್ಳಲೇಬೇಕಾದದ್ದು ಬೇರೆ ಇದೆ. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾದ ತೂಕದಲ್ಲಿ ಬೀಳುತ್ತವೆ. ಇಂಗ್ಲಿಷಿನಲ್ಲಿ ಒಂದರ ಮೇಲೆ ಒತ್ತಿ ಉಳಿದವನ್ನು ನುಂಗುತ್ತಾರೆ. ‘ಹೋಟೆಲ್’ನಲ್ಲಿ ಒತ್ತು ‘ಟೆಲ್’ ಮೇಲೆ, ‘ಡೆವಲಪ್’ನಲ್ಲಿ ನಡುವಿನ ‘ವೆ’ ಮೇಲೆ. ‘ಫೋಟೊಗ್ರಾಫ್’ನಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ‘ಫೋಟೊಗ್ರಫಿ’ ಆದ ಕೂಡಲೇ ಎರಡನೆಯದಕ್ಕೆ ಜಿಗಿಯುತ್ತದೆ. ಹೊರದೇಶದವರಿಗೆ ನಮ್ಮ ಮಾತು ತಿಳಿಯದಿರುವುದು ಇದರಿಂದ, ‘ಯೆಗ್’ನಿಂದಲ್ಲ. ಇನ್ನೊಂದು ಜೋಡಿ, ದನದ ಡಾಕ್ಟರಿಗೆ ಹೇಳುವ ‘ವೆಟ್’ ಮತ್ತು ಒದ್ದೆಗೆ ಹೇಳುವ ‘ವೆಟ್’. ನೋಡು, ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗಿಬಿಟ್ಟವು. ಮೊದಲನೆಯದ್ದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು, ಎರಡನೆಯದ್ದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಕನ್ನಡಿಯ ಮುಂದೆ ದಿನಕ್ಕೆ ಐದು ನಿಮಿಷ ಸಾಕು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ನಾಲ್ಕು ವರ್ಷದವಳಿದ್ದಾಗ ಬಂದಳು, ಆಗ ಅರಳು ಹುರಿದಂತೆ ಕನ್ನಡ ಮಾತನಾಡುತ್ತಿದ್ದಳು. ಈಗ ಎಂಟು ವರ್ಷ. ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿಮ್ಮ ಓದುಗರೆಲ್ಲ ಇಂಗ್ಲಿಷ್ ಬರಲಿ ಎನ್ನುವಾಗ ನಮ್ಮದು ತಿರುಗುಮುರುಗು ಗೋಳು.
— ಒಬ್ಬ ತಂದೆ

ಉತ್ತರ: ಗೋಳು ಒಂದೇ, ತುದಿ ಬೇರೆ. ಇಂಗ್ಲಿಷ್ ಇಲ್ಲದೆ ಅಲ್ಲಿ ಆಕೆಗೆ ಗೆಳತಿಯರಿಲ್ಲ, ಆದ್ದರಿಂದ ಇಂಗ್ಲಿಷ್ ಬಂತು. ಕನ್ನಡವಿಲ್ಲದೆ ಆಕೆಗೆ ಏನು ಸಿಗದೇ ಹೋಗುತ್ತದೆ? ನಿಮಗಿಬ್ಬರಿಗೂ ಇಂಗ್ಲಿಷ್ ಬರುತ್ತದೆ ಎಂಬುದು ಎಂಟು ವರ್ಷದವಳಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯೊಂದಿಗೆ ವಿಡಿಯೊ ಕರೆಯಲ್ಲಿ ನೀವು ಪಕ್ಕದಲ್ಲಿ ಕೂತು ದುಭಾಷಿಯ ಕೆಲಸ ಮಾಡುತ್ತಿದ್ದರೆ ಇವತ್ತೇ ಎದ್ದು ಹೋಗಿ. ಬೇಸಿಗೆ ರಜೆಯಲ್ಲಿ ಊರಿಗೆ ಕಳುಹಿಸುವುದಾದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೋದರತ್ತೆಯ ಮನೆಗೆ ಬೇಡ, ಅಲ್ಲಿನ ಮಕ್ಕಳೂ ಇಂಗ್ಲಿಷೇ. ಹಳ್ಳಿಯ ದೊಡ್ಡಪ್ಪನ ಮನೆಗೆ ಕಳುಹಿಸಿ. ಮನೆಗೆ ಬಂದ ನೆಂಟರ ಮುಂದೆ ‘ಎಲ್ಲಿ, ಕನ್ನಡದಲ್ಲಿ ಒಂದು ಪದ್ಯ ಹೇಳು’ ಎಂದು ನಿಲ್ಲಿಸುವ ಚಾಳಿ ಇದ್ದರೆ ದಯವಿಟ್ಟು ಬಿಡಿ. ನಾಲ್ಕು ವರ್ಷದವಳ ಕನ್ನಡ ಅವಳೊಳಗೆ ಇದೆ, ಅರ್ಥವಾಗುತ್ತದೆ ಎಂದು ನೀವೇ ಬರೆದಿದ್ದೀರಿ.

ಪ್ರಶ್ನೆ: ನಾನು ಎಂಟನೇ ತರಗತಿ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಥೆಪುಸ್ತಕಗಳು ಇವೆ. ಆದರೆ ಬೀರುವಿಗೆ ಬೀಗ ಹಾಕಿದ್ದಾರೆ. ಕೇಳಿದರೆ ‘ಹರಿದು ಹಾಕುತ್ತೀರಿ’ ಎನ್ನುತ್ತಾರೆ. ಗಾಜಿನಿಂದ ಹೆಸರುಗಳು ಮಾತ್ರ ಕಾಣುತ್ತವೆ. ಏನು ಮಾಡಬೇಕು?
— ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು

ಉತ್ತರ: ಪುಟ್ಟಿ, ಈ ತಿಂಗಳ ಅತ್ಯುತ್ತಮ ಪ್ರಶ್ನೆ ನಿನ್ನದು. ಮುಖ್ಯ ಶಿಕ್ಷಕರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆ. ಗೈಡಿನಲ್ಲಿ ಇಂಥ ಪತ್ರ ಇಲ್ಲ, ಆದ್ದರಿಂದ ನೀನೇ ಬರೆಯಬೇಕಾಗುತ್ತದೆ. ಗಾಜಿನಿಂದ ಕಾಣುವ ಹೆಸರುಗಳಲ್ಲಿ ಒಂದನ್ನು ಆರಿಸಿ, ಆ ಪುಸ್ತಕ ನಿನಗೆ ಯಾಕೆ ಬೇಕು ಎಂದು ಒಂದು ವಾಕ್ಯ, ಯಾವ ದಿನ ವಾಪಸು ಕೊಡುತ್ತೀಯ ಎಂದು ಇನ್ನೊಂದು ವಾಕ್ಯ, ಹರಿದರೆ ಅಂಟಿಸಿಕೊಡುತ್ತೇನೆ ಎಂದು ಮತ್ತೊಂದು. ಜ್ವರದ ಸುದ್ದಿ ಬೇಡ. ತಪ್ಪುಗಳಿದ್ದರೆ ಇರಲಿ, ನಿಮ್ಮ ಇಂಗ್ಲಿಷ್ ಮೇಷ್ಟರಿಗೆ ಮೊದಲೇ ತೋರಿಸಿ ತಿದ್ದಿಸಿಕೊಳ್ಳಬೇಡ. ಗೆಳತಿಯರೂ ಒಬ್ಬೊಬ್ಬರು ಒಂದೊಂದು ಪುಸ್ತಕಕ್ಕೆ ಬೇರೆ ಬೇರೆ ಪತ್ರ ಬರೆಯಲಿ, ನಿನ್ನದನ್ನು ನಕಲು ಮಾಡದೆ. ಎಲ್ಲ ಪತ್ರಗಳನ್ನೂ ಒಂದೇ ದಿನ ಕೊಡಿ. ಹಾಗೆಯೇ ಬೀಗದ ಕೈ ಯಾರ ಬಳಿ ಇದೆ ಎಂದು ಕಚೇರಿಯ ಅಟೆಂಡರ್ ಅಣ್ಣನನ್ನು ಮುಂಚೆಯೇ ಕೇಳಿಟ್ಟುಕೊ. ಮುಖ್ಯ ಶಿಕ್ಷಕರು ಒಪ್ಪಿದ ಮೇಲೂ ನನ್ನ ಅನುಭವದಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದದ್ದು ಅದನ್ನು ಹುಡುಕುವುದಕ್ಕೇ.